ಇಬ್ಬರೂ ಹಂಚ್ಕೊಳ್ಳಿ: ಓದುಗರ ಪ್ರಶ್ನೆಗೆ ಕಂಡಕ್ಟರ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹೋದ ಸಂಚಿಕೆಯಲ್ಲಿ ಓದುಗರೊಬ್ಬರು "ಬೆಂಗಳೂರಲ್ಲಿ ಪಕ್ಕದಲ್ಲಿ ಕೂತವನೂ ಕಲ್ಲು, ಎದುರಿಗೆ ನಿಂತವನೂ ಕಲ್ಲು" ಎಂದು ಬರೆದಿದ್ದರು. ಅದಕ್ಕೆ ಕೆಲವರು ಹೌದು ಹೌದು ಎಂದಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ. ಹೊಸ ಓದುಗರಿಗೆ ಒಂದು ಮಾತು: ನಾನು 1983ರಿಂದ 2018ರವರೆಗೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮೊದಲು ಬಿಟಿಎಸ್, 1997ರಲ್ಲಿ ಅದು ಬಿಎಂಟಿಸಿ ಆದಮೇಲೂ ಅಲ್ಲೇ. ಮೂವತ್ತೈದು ವರ್ಷ ಗುರುತಿಲ್ಲದವರ ನಡುವೆ ನಿಂತು ಸಂಸಾರ ಸಾಕಿದ್ದೇನೆ. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದೊಂದಕ್ಕೇ ಇರಲಿ ಎಂದು ಸಂಪಾದಕರನ್ನು ಕೇಳಿಕೊಂಡೆ.

ಪ್ರಶ್ನೆ: ನಾನು ಶಿರಸಿ ಕಡೆಯವಳು. ಬಿಟಿಎಂ ಲೇಔಟಿನ ಪಿಜಿಗೆ ಬಂದು ಎಂಟು ತಿಂಗಳಾಯಿತು. ಕೋಣೆಯಲ್ಲಿ ಮೂವರು, ಮೂವರ ಕಿವಿಯಲ್ಲೂ ಇಯರ್‌ಫೋನ್. ದರ್ಶಿನಿಯಲ್ಲಿ ಒಂದೇ ಟೇಬಲ್ಲಿಗೆ ನಾಲ್ಕು ಜನ ನಿಂತು ತಿಂದರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮೂರಲ್ಲಿ ಬಸ್ಸಿಗೆ ಕಾಯುವಾಗ ಗುರುತಿಲ್ಲದವರೂ "ಯಾವ ಬದಿಗೆ ಹೊರಟಿದ್ದು?" ಎಂದು ಕೇಳುತ್ತಾರೆ. ನಾನು ಏನಾದರೂ ತಪ್ಪು ಮಾಡುತ್ತಿದ್ದೇನಾ?
— ಹೆಸರು ಬೇಡ ಎಂದವರು

ಉತ್ತರ: ಇಲ್ಲ ಮಗಳೇ, ನಿನ್ನದೇನೂ ತಪ್ಪಿಲ್ಲ. ನಿನ್ನ ಪಕ್ಕ ನಿಂತು ಇಡ್ಲಿ ತಿನ್ನುವವರದ್ದೂ ತಪ್ಪಿಲ್ಲ. ನಿಮ್ಮೂರ ಸ್ಟಾಪಿನಲ್ಲಿ ಬೆಳಗ್ಗೆ ಹತ್ತು ಜನ ಸಿಕ್ಕರೆ ಹತ್ತು ಜನರನ್ನೂ ಮಾತಾಡಿಸಿ ಬಸ್ ಹತ್ತಬಹುದು. ಮೆಜೆಸ್ಟಿಕ್‌ನಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ನೂರಾರು ಮುಖ ಹಾದುಹೋಗುತ್ತವೆ. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನ 29 ಲಕ್ಷ ಇದ್ದರು, 2011ರಲ್ಲಿ 85 ಲಕ್ಷ. ಇಷ್ಟು ಜನರಲ್ಲಿ ಯಾರನ್ನು ಮಾತಾಡಿಸುವುದು, ಯಾರನ್ನು ಬಿಡುವುದು? ಬಗೆಹರಿಯದೆ ಎಲ್ಲರೂ ಬಾಯಿ ಕಟ್ಟಿಕೊಂಡು ಓಡಾಡುತ್ತಾರೆ. ಆದರೆ ಒಂದು ನೆಪ ಸಿಕ್ಕರೆ ಸಾಕು, ಅದೇ ಬಾಯಿಗಳು ಬಿಚ್ಚಿಕೊಳ್ಳುವುದನ್ನು ನಾನು ಸಾವಿರ ಸಲ ನೋಡಿದ್ದೇನೆ.

ಕಂಡಕ್ಟರಿಗೆ ದೊಡ್ಡ ತಲೆನೋವು ಚಿಲ್ಲರೆ. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದೆವು. ಅದೂ ಆಗದಿದ್ದಾಗ ಒಂದೇ ಸ್ಟಾಪಿನಲ್ಲಿ ಇಳಿಯುವ ಇಬ್ಬರನ್ನು ಹುಡುಕಿ, ಇಬ್ಬರ ಬಾಕಿ ಸೇರಿಸಿ ಒಂದೇ ನೋಟು ಕೊಟ್ಟು "ಇಬ್ಬರೂ ಹಂಚ್ಕೊಳ್ಳಿ" ಎನ್ನುತ್ತಿದ್ದೆವು. ತೊಂಬತ್ತರ ದಶಕದ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗುವ ಬಸ್ಸಿನಲ್ಲಿ ಹೂವಿನ ಬುಟ್ಟಿಯ ಹೆಂಗಸೊಬ್ಬರಿಗೂ, ಕುತ್ತಿಗೆಗೆ ಟೈ ಕಟ್ಟಿದ ಹುಡುಗನೊಬ್ಬನಿಗೂ ಸೇರಿಸಿ ಹತ್ತರ ನೋಟು ಕೊಟ್ಟೆ. ಆಯಮ್ಮನಿಗೆ ಆರು, ಅವನಿಗೆ ನಾಲ್ಕು. ದಿನಾ ಅದೇ ಬಸ್ಸಿನ ಗಿರಾಕಿಗಳು, ಒಂದು ದಿನವೂ ಮಾತಾಡಿದವರಲ್ಲ. ಇಬ್ಬರೂ ಇಳಿದರು. ಸಿಗ್ನಲ್ ಬಿದ್ದಿತ್ತು, ನಾನು ಹಿಂದಿನ ಬಾಗಿಲಲ್ಲೇ ನಿಂತಿದ್ದೆ. ಹುಡುಗ ಪೆಟ್ಟಿಗೆ ಅಂಗಡಿಗೆ ಹೋಗಿ ನೋಟು ಮುರಿಸಲು ಎರಡು ಬಾಳೆಹಣ್ಣು ಕೊಂಡ. ಆಯಮ್ಮನ ಆರು ರೂಪಾಯಿ ಎಣಿಸಿ ಕೊಟ್ಟು, ಒಂದು ಹಣ್ಣನ್ನೂ ಕೊಟ್ಟ. ಆಯಮ್ಮ ಬೇಡ ಬೇಡ ಎಂದು ಕೈ ಆಡಿಸಿದರು, ಆಮೇಲೆ ತಗೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಮನೆಯಲ್ಲಿ ಮಗು ಇತ್ತೇನೋ. ಬಸ್ಸು ಹೊರಟಿತು. ಮಾರನೇ ವಾರ ಅದೇ ಬಸ್ಸಿನಲ್ಲಿ ಆಯಮ್ಮ ಮುಂದಿನಿಂದಲೇ ಕೂಗಿ ಕೇಳುತ್ತಿದ್ದರು, "ಏನಪ್ಪಾ, ಇವತ್ತು ಚಿಲ್ಲರೆ ಐತಾ?"

ಈಗ ನಿನ್ನ ಕಾಲದಲ್ಲಿ ಆ ನೆಪಗಳು ಒಂದೊಂದೇ ಹೋಗುತ್ತಿವೆ. ದುಡ್ಡು ಫೋನಿನಲ್ಲೇ ಸಂದಾಯವಾಗುತ್ತದೆ. ವಿಳಾಸ ಕೇಳುವಂತಿಲ್ಲ, ಮ್ಯಾಪ್ ಇದೆ. "ಟೈಮೆಷ್ಟು ಸಾರ್" ಎನ್ನುವ ಮಾತು ಕೇಳಿ ನನಗೆ ಎಷ್ಟು ವರ್ಷವಾಯಿತೋ. ಹಾಗಾಗಿ ನೆಪವನ್ನು ನೀನೇ ಹುಡುಕಿಕೊಳ್ಳಬೇಕು. ಕೋಣೆಯ ಹುಡುಗಿಯರಿಗೆ "ಬನ್ನಿ, ಫ್ರೆಂಡ್ಸ್ ಆಗೋಣ" ಎನ್ನಬೇಡ, ಅದಕ್ಕೆ ಯಾರೂ ಏನು ಹೇಳಬೇಕೋ ತಿಳಿಯದೆ ಗಾಬರಿಯಾಗುತ್ತಾರೆ. ಒಂದು ಪಿನ್ ಇದೆಯಾ, ಸೂಜಿ ದಾರ ಇದೆಯಾ ಎಂದು ಕೇಳು. ಕೊಡುವವರಿಗೆ ಹಗುರ, ಇಸಕೊಂಡವರಿಗೆ ಹಿಂದಿರುಗಿಸುವ ನೆಪದಲ್ಲಿ ಇನ್ನೊಂದು ಮಾತು. ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ದರೆ ಬಾಟಲಿಯನ್ನು ಪೆಟ್ಟಿಗೆಯೊಳಗೆ ಬಚ್ಚಿಡದೆ ಊಟದ ಹೊತ್ತಿಗೆ ಮಧ್ಯೆ ಇಡು. ದರ್ಶಿನಿಗೂ ದಿನಾ ಒಂದೇ ಹೊತ್ತಿಗೆ ಹೋಗು, ಸಾಧ್ಯವಾದರೆ ಅದೇ ಮೂಲೆಯ ಟೇಬಲ್ಲು. ಹದಿನೈದು ದಿನ ಕಳೆಯಲಿ. ಕಾಫಿ ಕೊಡುವ ಹುಡುಗ ನೀನು ಬಾಯಿ ಬಿಡುವ ಮೊದಲೇ "ಸಕ್ಕರೆ ಕಮ್ಮಿ ಅಲ್ವಾ ಅಕ್ಕಾ?" ಎನ್ನುತ್ತಾನೆ. ಹಾಗೆ ಅಂದ ದಿನ ನನಗೆ ಒಂದು ಕಾಗದ ಬರಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೇನೆ. ಜರ್ಮನಿಯ ಗಿಯೋರ್ಗ್ ಸಿಮ್ಮೆಲ್ 1903ರಲ್ಲೇ ಬರೆದಿದ್ದಾನೆ: ನಗರದವರ ಬಿಗುಮಾನ ಒಂದು ರಕ್ಷಣೆ, ಕಣ್ಣಿಗೆ ಬಿದ್ದ ಪ್ರತಿಯೊಂದಕ್ಕೂ ಮನಸ್ಸು ಕೊಟ್ಟರೆ ಮನುಷ್ಯ ತಾಳಲಾರ ಎಂದು. ಅಮೆರಿಕದ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ 'ಪರಿಚಿತ ಅಪರಿಚಿತ' ಎಂದು ಒಬ್ಬನನ್ನು ಗುರುತಿಸಿದ. ದಿನಾ ಕಾಣುತ್ತೇವೆ, ಮುಖ ಗೊತ್ತು, ಮಾತಿಲ್ಲ. ರೈಲಿಗೆ ಕಾಯುವವರ ಫೋಟೊ ತೆಗೆದು ಅವರಿಗೇ ತೋರಿಸಿದಾಗ ಒಬ್ಬೊಬ್ಬರು ಸರಾಸರಿ ನಾಲ್ಕು ಅಂಥವರನ್ನು ಗುರುತು ಹಿಡಿದರಂತೆ. ನಿಮ್ಮ ಬಸ್ಸಿಗೂ ಇದು ಹೊಂದುತ್ತದೆಯೇ?
— ಒಬ್ಬ ವಿದ್ಯಾರ್ಥಿ

ಉತ್ತರ: ಹೊಂದುತ್ತದೆ. ನನಗೆ ಓದಿ ಗೊತ್ತಿರಲಿಲ್ಲ, ನಿಮ್ಮ ಕಾಗದದಿಂದ ಅದಕ್ಕೊಂದು ಹೆಸರು ಸಿಕ್ಕಿತು. ಥ್ಯಾಂಕ್ಸ್.

ನನ್ನ ಸರ್ವಿಸಿನ ಕಡೆಯ ವರ್ಷಗಳು 335ಇ ಬಸ್ಸಿನಲ್ಲಿ ಕಳೆದವು. ಮೆಜೆಸ್ಟಿಕ್‌ನಿಂದ ದೊಮ್ಮಲೂರು, ಮಾರತಹಳ್ಳಿ ದಾಟಿ ಕಾಡುಗೋಡಿಗೆ. ಬೆಳಗ್ಗಿನ ಟ್ರಿಪ್ಪಿನಲ್ಲಿ ಇಬ್ಬರು ಗಂಡಸರು ಕಾರ್ಪೊರೇಷನ್ನಿನಲ್ಲಿ ಹತ್ತುತ್ತಿದ್ದರು. ಒಬ್ಬರು ದಪ್ಪ ಕನ್ನಡಕದವರು, ಇನ್ನೊಬ್ಬರು ಸದಾ ಖಾಕಿ ಬಣ್ಣದ ಊಟದ ಚೀಲದವರು. ಯಾರು ಮೊದಲು ಹತ್ತಿದರೂ ಇನ್ನೊಬ್ಬರ ಜಾಗ ಬಿಟ್ಟು ಒಳಗೆ ಸರಿದು ಕೂರುತ್ತಿದ್ದರು. ಮಾತು? ಇಲ್ಲವೇ ಇಲ್ಲ. ಒಬ್ಬರು ಪೇಪರ್ ಓದಿ ಮಡಿಸಿದರೆ ಇನ್ನೊಬ್ಬರು ಕೈ ಚಾಚುವರು, ಇವರು ಕೊಡುವರು. ಹೀಗೆ ವರ್ಷಗಳೇ ಕಳೆದವು. ಒಂದು ಸಲ ಕನ್ನಡಕದವರು ಬರುವುದು ನಿಂತಿತು. ಮೂರನೇ ವಾರ ಊಟದ ಚೀಲದವರು ಟಿಕೆಟ್ ತಗೊಳ್ಳುತ್ತಾ ನನ್ನನ್ನು ಕೇಳಿದರು, "ಕಂಡಕ್ಟ್ರೇ, ಆ ಕನ್ನಡಕದವರು... ಏನಾದ್ರೂ ಗೊತ್ತಾ?" ನನಗೂ ಗೊತ್ತಿರಲಿಲ್ಲ. ಹೆಸರು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡು ತಿಂಗಳ ಮೇಲೆ ಕನ್ನಡಕದವರು ಬಂದರು, ಸ್ವಲ್ಪ ಇಳಿದುಹೋಗಿದ್ದರು, ಅಂಗಿ ಜೋಲುತ್ತಿತ್ತು. ಊಟದ ಚೀಲದವರು ಕಿಟಕಿ ಪಕ್ಕದ ತಮ್ಮ ಸೀಟು ಬಿಟ್ಟು ಎದ್ದು, ಅವರನ್ನು ಅಲ್ಲಿ ಕೂರಿಸಿದರು. ಆವತ್ತೂ ಹೆಚ್ಚು ಮಾತಾಡಿದ್ದು ನಾನು ಕೇಳಲಿಲ್ಲ.

ಇನ್ನೊಂದು ಸಂಗತಿ. ನಾನು, ನನ್ನ ಹೆಂಡತಿ ಧರ್ಮಸ್ಥಳದಲ್ಲಿ ದರ್ಶನದ ಸರತಿಯಲ್ಲಿ ನಿಂತಿದ್ದೆವು. ಮುಂದಿನ ಸಾಲಿನಿಂದ ಒಬ್ಬರು ತಿರುಗಿ ನೋಡಿದವರೇ ಕಂಬಿಯ ಆಚೆಯಿಂದಲೇ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು 335ಇ ಕಂಡಕ್ಟರ್ ಅಲ್ವಾ! ನಾನು ಕುಂದಲಹಳ್ಳಿ ಗೇಟು!" ತಮ್ಮ ಹೆಸರನ್ನೂ ಹೇಳಲಿಲ್ಲ ನೋಡಿ, ಸ್ಟಾಪಿನ ಹೆಸರು ಹೇಳಿದರು, ನನಗೆ ತಕ್ಷಣ ಗುರುತು ಸಿಕ್ಕಿತು. ಅವರ ತಾಯಿಯನ್ನು ಕರೆದು ತೋರಿಸಿದರು, ಅನ್ನಛತ್ರದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ಸೋಮವಾರ ಬಸ್ಸಿನಲ್ಲಿ ಮತ್ತೆ ಮೊದಲಿನ ಹಾಗೆ, ಹುಬ್ಬು ಎತ್ತಿ ಸಣ್ಣ ನಗು, ಅಷ್ಟೇ. ನನಗೆ ಬೇಜಾರಾಗಲಿಲ್ಲ. ಬಸ್ಸಿನಲ್ಲಿ ಅವರಿಗೆ ಆಫೀಸಿನ ಯೋಚನೆ, ನನಗೆ ಸ್ಟೇಜು ಮುಗಿಯುವುದರೊಳಗೆ ಟಿಕೆಟ್ ಕೊಟ್ಟು ಮುಗಿಸುವ ಯೋಚನೆ. ನಿಮ್ಮ ಪುಸ್ತಕದಲ್ಲಿ ಈ ದೂರದೂರಿನ ಭೇಟಿಯ ವಿಷಯವೂ ಇದೆಯೇ ನೋಡಿ. ಇರಲೇಬೇಕು ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಾ ಧಾರವಾಡದಾಂವ, ಸಾಲಿ ಮಾಸ್ತರ ಆಗಿ ರಿಟೈರ್ ಆಗೇನಿ. ವೈಟ್‌ಫೀಲ್ಡ್ ಕಡೆ ಮಗನ ಅಪಾರ್ಟ್‌ಮೆಂಟಿಗೆ ಬಂದು ಆರು ತಿಂಗಳಾತು, ಹನ್ನೊಂದನೇ ಮಾಳಿಗಿ. ಲಿಫ್ಟಿನ್ಯಾಗ ನಮಸ್ಕಾರ ಅಂದ್ರ ಮಂದಿ ಫೋನ್ ನೋಡ್ತಾರ. ನಮ್ಮ ಓಣ್ಯಾಗ ಕಟ್ಟಿ ಮ್ಯಾಲೆ ಕುಂತ್ರ ಹಾದು ಹೋಗಾವ್ರೆಲ್ಲಾ "ಚಹಾ ಆತೇನ್ರಿ ಮಾಸ್ತರ?" ಅಂತಿದ್ರು. ಇಲ್ಲೆ ನನ್ನ ಕರ್ಯಾವ್ರು ಮಗ, ಸೊಸಿ ಬಿಟ್ರ ಯಾರೂ ಇಲ್ಲ. ಹೊಳ್ಳಿ ಹೋಗಿಬಿಡ್ಲೇನು?
— ಮಾಸ್ತರು

ಉತ್ತರ: ಮಾಸ್ತರೇ, ನಮಸ್ಕಾರ. ನಿಮ್ಮ ಕಾಗದ ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ. ಆ ಕಟ್ಟೆ ಇಲ್ಲಿ ಸಿಗುವುದಿಲ್ಲ, ಸಿಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಹೊಳ್ಳಿ ಹೋಗುವ ಮಾತನ್ನು ಒಂದು ಮೂರು ತಿಂಗಳು ಮುಂದಕ್ಕೆ ಹಾಕಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಲಿಫ್ಟು ಮಾತಿಗೆ ತಕ್ಕ ಜಾಗವಲ್ಲ. ಮೈ ಮೈ ತಾಗುವಷ್ಟು ಇಕ್ಕಟ್ಟು, ಅರ್ಧ ನಿಮಿಷದ ಸಹವಾಸ, ಕಣ್ಣಿಡಲು ಜಾಗವಿಲ್ಲ. ಜನ ಫೋನು ನೋಡುವುದು ಅದಕ್ಕೇ, ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ. ನೀವು ಬೆಳಗ್ಗೆ ಏಳೂವರೆಗೆ ಗೇಟಿನ ಹತ್ತಿರ ಇಳಿದು ಹೋಗಿ, ಶಾಲೆಯ ವ್ಯಾನು ಬರುವ ಹೊತ್ತು ಅದು. ಅಪ್ಪ ಅಮ್ಮ ಕೆಲಸಕ್ಕೆ ಓಡುವ ಮನೆಗಳಲ್ಲಿ ಮಕ್ಕಳನ್ನು ವ್ಯಾನು ಹತ್ತಿಸುವವರು ಅಜ್ಜ ಅಜ್ಜಿಯರೇ. ಎಲ್ಲರೂ ನಿಮ್ಮ ಹಾಗೆಯೇ ಯಾವುದೋ ಊರಿನ ಕಟ್ಟೆ ಬಿಟ್ಟು ಬಂದವರು.

ನಾನು ಮಗಳ ಅಪಾರ್ಟ್‌ಮೆಂಟಿನಲ್ಲಿ ಇದ್ದಾಗ ಮೊಮ್ಮಗಳನ್ನು ಬಿಡಲು ಹೋಗುತ್ತಿದ್ದೆ. ನೆಲ್ಲೂರಿನವರೊಬ್ಬರು ತಾತ ಬರುತ್ತಿದ್ದರು. ಅವರಿಗೆ ಕನ್ನಡ ಬಾರದು, ನನ್ನ ತೆಲುಗು ಬಸ್ಸಿನ ಮಟ್ಟದ್ದು. ವ್ಯಾನು ತಡವಾದ ದಿನ "ಎಕ್ಕಡ ಉಂದಿ ವ್ಯಾನು?" ಎಂದು ಶುರುವಾಯಿತು. ವ್ಯಾನು ತಡವಾಗದ ದಿನವೇ ಇಲ್ಲ, ಮಾತೂ ನಿಲ್ಲಲಿಲ್ಲ. ಒಂದು ದಿನ ಅವರು ಜೇಬಿನಿಂದ ಬಿಪಿ ಮಾತ್ರೆಯ ಪಟ್ಟಿ ತೆಗೆದರು. ನಾನು ನನ್ನದನ್ನು ತೆಗೆದೆ. ಅದೇ ಮಾತ್ರೆ, ಅದೇ ಕಂಪನಿ! ಇಬ್ಬರೂ ಗೇಟಿನ ಕಲ್ಲಿನ ಮೇಲೆ ಕೂತು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಯಾರದರಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿದೆವು. ಅವರದರಲ್ಲಿ ಮೂರು, ನನ್ನದರಲ್ಲಿ ಏಳು. ಮೊಮ್ಮಕ್ಕಳು ವ್ಯಾನಿನ ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದರು. ಮೂರು ದಿನದ ಮೇಲೆ ಔಷಧಿ ಅಂಗಡಿಗೆ ಜೊತೆಯಾಗಿಯೇ ಹೋದೆವು.

ಗೇಟಿನ ಸೆಕ್ಯೂರಿಟಿಯವರನ್ನೂ ಮಾತಾಡಿಸಿ. ಯಾವ ಊರು ಎಂದು ಕೇಳಿ. ರಾಯಚೂರು, ಕಲಬುರಗಿ ಕಡೆಯವರು ಸಿಕ್ಕರೆ ನಿಮ್ಮ ಮಾತು ಕೇಳಿ ಅವರಿಗೇ ಊರಿಗೆ ಹೋಗಿಬಂದಂತಾಗುತ್ತದೆ. ಮೂರು ತಿಂಗಳಾದಮೇಲೂ ಮನಸ್ಸು ನಿಲ್ಲದಿದ್ದರೆ ಹೋಗಿ ಮಾಸ್ತರೇ. ಅದರಲ್ಲಿ ಸೋಲೇನೂ ಇಲ್ಲ.

ಪ್ರಶ್ನೆ: ನೀವೂ ತುರುವೇಕೆರೆ ಕಡೆಯ ಹಳ್ಳಿಯವರೇ. ಹಳ್ಳಿಯ ಪ್ರೀತಿ ವಿಶ್ವಾಸದ ಮುಂದೆ ಈ ಪಟ್ಟಣ ಯಾವ ಲೆಕ್ಕ? ಪ್ರತಿ ಸಂಚಿಕೆಯಲ್ಲೂ ಬೆಂಗಳೂರನ್ನು ಹೊಗಳುತ್ತೀರಲ್ಲ?
— ನಿಮ್ಮ ಸೀಮೆಯವನು

ಉತ್ತರ: ಸ್ವಾಮಿ, ನಮ್ಮೂರಿನ ಮಣ್ಣಿನ ಮೇಲೆ ನನಗೂ ಪ್ರೀತಿ ಇದೆ. ಬೆಳೆದ ತೆಂಗಿನಕಾಯಿ ತಂದುಕೊಟ್ಟವರು, ನನ್ನ ತಂಗಿಯ ಮದುವೆಗೆ ಚಪ್ಪರ ಹಾಕಿದವರು, ಎಲ್ಲರನ್ನೂ ನೆನೆಯುತ್ತೇನೆ. ಆದರೆ ನೀವು ಕೇಳಿದ್ದಕ್ಕೆ ಹೇಳಲೇಬೇಕು.

ನಮ್ಮೂರಿನಲ್ಲಿ ಗುರುತಿಲ್ಲದವರು ಮಾತಾಡಿಸಿದರೆ ಮೊದಲನೇ ಮಾತು "ಯಾವೂರು?", ಎರಡನೇ ಮಾತು "ಯಾರ ಪೈಕಿ?" ಎರಡನೆಯದಕ್ಕೆ ಉತ್ತರ ಕೊಟ್ಟಮೇಲೆ ಮೂರನೇ ಮಾತು ಇರುತ್ತದೋ ಇಲ್ಲವೋ ಎನ್ನುವುದು ನಮ್ಮ ಜಾತಿಯ ಮೇಲೆ. ಹಳ್ಳಿಯ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ನಮ್ಮವರಿಗೆಂದೇ ಬೇರೆ ಲೋಟ ಇರುತ್ತಿತ್ತು. ನಮ್ಮಪ್ಪ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟೀ ಕುಡಿದು, ಲೋಟ ತಾನೇ ತೊಳೆದು ಗೂಡಿನಲ್ಲಿಟ್ಟು ಬರುತ್ತಿದ್ದ. ಒಳಗಿದ್ದವರೆಲ್ಲ ಅಪ್ಪನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಮಳೆ ಬೆಳೆ ವಿಚಾರಿಸುತ್ತಿದ್ದರು. ಪ್ರೀತಿಯ ಮಾತಿಗೇನೂ ಕೊರತೆ ಇರಲಿಲ್ಲ. ಲೋಟ ಮಾತ್ರ ಬೇರೆ.

1983ರಲ್ಲಿ ಕೆಲಸಕ್ಕೆ ಸೇರುವ ಹಿಂದಿನ ದಿನ ಮೆಜೆಸ್ಟಿಕ್ ಹತ್ತಿರದ ಒಂದು ಹೋಟೆಲಿಗೆ ಹೋದೆ. ಒಳಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಕೂತೆ. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯವರು ಬಂದು ಕೂತರು. ಒಂದು ಮಾತಿಲ್ಲ, ಮುಖವನ್ನೂ ನೋಡಲಿಲ್ಲ. ಪೇಪರ್ ಓದುತ್ತಾ ಓದುತ್ತಾ ಕೈ ಚಾಚಿ ನನ್ನ ಮುಂದಿದ್ದ ನೀರಿನ ಲೋಟ ಎತ್ತಿ ಕುಡಿದರು. ನಾನು ಅರ್ಧ ಕುಡಿದಿಟ್ಟ ಲೋಟ! ನನ್ನ ಎದೆ ಹೊಡೆದುಕೊಂಡಿತು. ಅವರು ಪೇಪರಿನಿಂದ ತಲೆಯೆತ್ತಿ "ಸಾರಿ, ನಿಮ್ದಾ?" ಎಂದು ಮಾಣಿಯನ್ನು ಕರೆದು ಇನ್ನೊಂದು ಲೋಟ ತರಿಸಿಕೊಟ್ಟು ಮತ್ತೆ ಓದತೊಡಗಿದರು.

ಅವರು ಬಿಗುಮಾನದ ಮನುಷ್ಯರೇ ಇರಬಹುದು. ಆ ಬಿಗುಮಾನಕ್ಕೆ ನಾನು ಇವತ್ತಿಗೂ ಋಣಿ.

ಬೆಂಗಳೂರನ್ನು ಪೂರ್ತಿ ಹೊಗಳುತ್ತೇನೆ ಎಂದುಕೊಳ್ಳಬೇಡಿ. ಬಾಡಿಗೆ ಮನೆ ಹುಡುಕಲು ಹೋದಾಗ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂತು: "ವೆಜ್ಜಾ ನಾನ್‌ವೆಜ್ಜಾ? ಯಾವ ಜನ ನೀವು?" ಹನ್ನೆರಡು ಮನೆ ನೋಡಿದ ಮೇಲೆ ಹದಿಮೂರನೆಯದು ಸಿಕ್ಕಿತು. ಬಸ್ಸು, ಹೋಟೆಲು, ಫುಟ್‌ಪಾತಿನಲ್ಲಿ ಯಾರೂ ಕೇಳದ ಊರಿನಲ್ಲಿ ಮನೆ ಬಾಗಿಲಲ್ಲಿ ಕೇಳುತ್ತಾರೆ. ಈಗಲೂ ಕೇಳುತ್ತಾರೆ ಎಂದು ನನ್ನ ತಮ್ಮನ ಮಗ ಹೇಳುತ್ತಾನೆ. ಅದು ನಿಲ್ಲಬೇಕು.

ಪ್ರಶ್ನೆ: ನಾವು ಮುಂಬಯಿ ಕನ್ನಡಿಗರು, ಡೊಂಬಿವಲಿಯವರು. ಇಲ್ಲಿ ಹೊರಟ ಲೋಕಲ್ ರೈಲಿಗೆ ಓಡಿದರೆ ಒಳಗಿನಿಂದ ಕೈಗಳು ಚಾಚುತ್ತವೆ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಸರಿದು ಜಾಗ ಕೊಡುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಸೊಂಟದುದ್ದ ನೀರಿನಲ್ಲಿ ನಡೆದವರಿಗೆ ಗುರುತಿಲ್ಲದವರು ಚಹಾ, ಬಿಸ್ಕೀಟು ಕೊಟ್ಟರು, ಮನೆಯೊಳಗೆ ಮಲಗಿಸಿಕೊಂಡರು. ಬೆಂಗಳೂರಿನಲ್ಲಿ ಇದು ಉಂಟೇ?
— ನಿಮ್ಮ ಓದುಗ

ಉತ್ತರ: ಮುಂಬಯಿಗೆ ಕೈ ಮುಗಿದೆ. ಊರು ಊರಿಗೆ ಪಂದ್ಯ ಕಟ್ಟುವುದು ಮಾತ್ರ ನನಗೆ ಸೇರುವುದಿಲ್ಲ. ಅಂಥ ಪಂದ್ಯವನ್ನೂ ಕಟ್ಟಿದವರಿದ್ದಾರೆ ಎಂದು ನನ್ನ ಮಗಳು ಓದಿ ಹೇಳಿದಳು. ರಾಬರ್ಟ್ ಲೆವಿನ್ ಎನ್ನುವ ಅಮೆರಿಕದ ಮನೋವಿಜ್ಞಾನಿ ಮತ್ತು ಜೊತೆಗಾರರು 23 ದೇಶಗಳ ಒಂದೊಂದು ದೊಡ್ಡ ಊರಿನಲ್ಲಿ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರಂತೆ. ದಾರಿಯಲ್ಲಿ ಪೆನ್ನು ಬೀಳಿಸುವುದು, ಕಾಲಿಗೆ ಪಟ್ಟಿ ಕಟ್ಟಿಕೊಂಡವರು ಕೈಯಲ್ಲಿದ್ದ ಪತ್ರಿಕೆಗಳನ್ನು ಬೀಳಿಸುವುದು, ಕುರುಡರ ಹಾಗೆ ರಸ್ತೆ ದಾಟಲು ನಿಲ್ಲುವುದು, ಯಾರು ನೆರವಿಗೆ ಬರುತ್ತಾರೆ ನೋಡುವುದು. ಬ್ರೆಜಿಲ್ಲಿನ ರಿಯೊ ಡಿ ಜನೈರೊ ಮೊದಲು ಬಂತು. ನ್ಯೂಯಾರ್ಕ್, ಕ್ವಾಲಾಲಂಪುರ ಕೊನೆಗೆ. ನಮ್ಮ ಕೋಲ್ಕತ್ತ ಮೇಲಿನ ಸಾಲಿನಲ್ಲೇ ಇತ್ತು. ಅಷ್ಟು ಜನಸಂದಣಿಯ ಊರು ಮೇಲೆ ಬಂದದ್ದು ನನಗೆ ಖುಷಿಯಾಯಿತು, ಜನ ಜಾಸ್ತಿಯಾದರೆ ಕರುಣೆ ಕಮ್ಮಿ ಎನ್ನುವವರಿಗೆ ತೋರಿಸಬಹುದು.

ಆದರೂ ಬಿದ್ದ ಪೆನ್ನಿನಿಂದ ಊರನ್ನು ಅಳೆಯಲು ನಾನು ಒಪ್ಪುವುದಿಲ್ಲ. ಸಂಜೆ ಆರೂವರೆಯ ಬಸ್ಸಿನಲ್ಲಿ ಪೆನ್ನು ಬಿದ್ದರೆ ಬಗ್ಗಲು ಯಾರಿಗೂ ಜಾಗವೇ ಇರುವುದಿಲ್ಲ. ನನ್ನನ್ನು ಕೇಳಿದರೆ ಬೇರೆ ಪರೀಕ್ಷೆ ಹೇಳುತ್ತೇನೆ. ಬಸ್ಸು ತುಂಬಿ ನಾನು ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಾಗ ಮುಂದೆ ಹತ್ತಿದ ಹೆಂಗಸರು ಐವತ್ತರ ನೋಟು ಹಿಂದಕ್ಕೆ ಕಳಿಸುತ್ತಿದ್ದರು. "ಒಂದು ಮಾರತಹಳ್ಳಿ, ಪಾಸ್ ಮಾಡಿ." ನೋಟು ಎಂಟು ಹತ್ತು ಕೈ ದಾಟಿ ನನ್ನ ಹತ್ತಿರ ಬರುವುದು. ಟಿಕೆಟ್ಟು, ಮಿಕ್ಕ ಚಿಲ್ಲರೆ ಅದೇ ಕೈಗಳಲ್ಲಿ ವಾಪಸ್ಸು ಹೋಗುವುದು. ಯಾರು ಕೊಟ್ಟರು, ಯಾರಿಗೆ ಸೇರಬೇಕು, ನಡುವಿನವರಿಗೆ ಮುಖವೂ ಕಾಣುವುದಿಲ್ಲ. ನನ್ನ ಸರ್ವಿಸಿನಲ್ಲಿ ಒಂದು ಸಲವೂ ದುಡ್ಡು ದಾರಿಯಲ್ಲಿ ಕಳೆಯಲಿಲ್ಲ. ಒಂದೇ ಒಂದು ಸಲವೂ.

ಪ್ರಶ್ನೆ: ನೆಪ ಮಾಡಿ ಮಾತಾಡಿಸಿ ಎಂದು ನೀವು ಹಿಂದೆಯೂ ಬರೆದಿದ್ದಿರಿ. ಹೆಣ್ಣುಮಕ್ಕಳು ಗುರುತಿಲ್ಲದವರನ್ನು ನೋಡಿ ನಕ್ಕರೆ ಅದನ್ನೇ ಹಿಡಿದುಕೊಂಡು ಹಿಂದೆ ಬರುವವರಿದ್ದಾರೆ. ನಮ್ಮ ಬಿಗುಮಾನ ನಮಗೆ ಬೇಕಾಗಿಯೇ ಬಂದದ್ದು.
— ಓದುಗಿ, ಪೀಣ್ಯ

ಉತ್ತರ: ನೀವು ಹೇಳಿದ್ದು ನೂರಕ್ಕೆ ನೂರು ನಿಜ ತಾಯಿ. ಹಿಂದಿನ ಸಂಚಿಕೆಯಲ್ಲಿ ಇದನ್ನು ನಾನೇ ಬರೆಯಬೇಕಿತ್ತು. ನಗು ಯಾರಿಗೂ ಕೊಡಬೇಕಾದ ಬಾಕಿಯಲ್ಲ. ಬಸ್ಸಿನ ನೂಕುನುಗ್ಗಲಿನ ನೆಪದಲ್ಲಿ ಹೆಂಗಸರಿಗೆ ತಾಗಿ ನಿಲ್ಲುವವರನ್ನು ಎಷ್ಟೋ ಸಲ ಸ್ಟಾಪು ಬರುವ ಮೊದಲೇ ಇಳಿಸಿದ್ದೇನೆ. ಆಗೆಲ್ಲ ನನಗೆ ನೋವಾಗುತ್ತಿದ್ದದ್ದು ಸುತ್ತ ನಿಂತ ಗಂಡಸರು ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದುದಕ್ಕೆ. ಒಬ್ಬರು "ಏಯ್, ಸರಿದು ನಿಲ್ಲಯ್ಯ" ಎಂದರೆ ಸಾಕಿತ್ತು. ಗುರುತಿಲ್ಲದವರ ವಿಷಯ ನಮಗೇಕೆ ಎಂದು ಸುಮ್ಮನಿರುವ ಹೊತ್ತಲ್ಲ ಅದು.

ಬಸ್ಸಿನ ಮುಂಭಾಗದಲ್ಲಿ ಹೆಂಗಸರು ಹೆಂಗಸರು ಮಾತಾಡುವುದು ಮೊದಲಿಂದಲೂ ಇದೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಅದು ಇನ್ನೂ ಜಾಸ್ತಿಯಾಗಿದೆ ಎಂದು ನನಗೆ ಕಾಣುತ್ತದೆ. ಮೊದಲು ದುಡ್ಡು ಉಳಿಸಲು ಎರಡು ಮೂರು ಸ್ಟಾಪು ನಡೆದೇ ಹೋಗುತ್ತಿದ್ದ ಮನೆಗೆಲಸದವರು, ಗಾರ್ಮೆಂಟ್ಸಿನವರು ಈಗ ಹತ್ತಿ ಕೂರುತ್ತಾರೆ. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು, "ನಿಮ್ಮ ಫೋಟೊ ಚೆನ್ನಾಗಿ ಬಂದೈತಲ್ಲಾ ಅಕ್ಕಾ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದದ್ದನ್ನು ಹೋದ ತಿಂಗಳು ಕೇಳಿದೆ.

ಪ್ರಶ್ನೆ: ಕನ್ನಡದಲ್ಲಿ ಮಾತಾಡಿಸಿದರೆ "ಕನ್ನಡ ಗೊತ್ತಿಲ್ಲ" ಎಂದು ಮುಖ ತಿರುಗಿಸುವವರ ಜೊತೆ ಎಂಥ ಸ್ನೇಹ?
— ತುಮಕೂರಿನಿಂದ

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. 335ಇ ಬಸ್ಸಿನಲ್ಲಿ ಹೊರಗಿನಿಂದ ಬಂದವರು ಮೊದಲು ಕಲಿಯುತ್ತಿದ್ದ ಕನ್ನಡ ಮಾತು "ಚಿಲ್ಲರೆ". ಅದಿಲ್ಲದೆ ಬದುಕು ಸಾಗುತ್ತಿರಲಿಲ್ಲ. ಆಮೇಲೆ "ಮುಂದೆ ಹೋಗಿ", "ಇಳೀಬೇಕು". ನಾನು ಹಿಂದಿಗೆ ಹೋಗುತ್ತಿರಲಿಲ್ಲ, ನಿಧಾನವಾಗಿ ಕನ್ನಡದಲ್ಲೇ ಇನ್ನೊಂದು ಸಲ ಹೇಳುತ್ತಿದ್ದೆ. ಬೈದು ಕಲಿಸಿದವರು ಯಾರೂ ನನಗೆ ಸಿಕ್ಕಿಲ್ಲ.

ಪ್ರಶ್ನೆ: ರಸ್ತೆಯಲ್ಲಿ ಅಪಘಾತವಾದರೆ ಜನ ವಿಡಿಯೊ ಮಾಡುತ್ತಾರೆ, ಕೈ ಕೊಡುವುದಿಲ್ಲ. ಇದಕ್ಕಿಂತ ಕಲ್ಲು ಮನಸ್ಸು ಬೇಕೆ?
— ಹಿರಿಯ ಓದುಗ, ದಾವಣಗೆರೆ

ಉತ್ತರ: ವಿಡಿಯೊ ಮಾಡುವವರನ್ನು ನಾನು ಕ್ಷಮಿಸಲಾರೆ. ಸುಮ್ಮನೆ ನಿಂತವರ ವಿಷಯ ಬೇರೆ, ಬಹಳ ಜನಕ್ಕೆ ಮನಸ್ಸಿದ್ದರೂ ಭಯ.

ನಮ್ಮ ಬಸ್ಸಿನ ಮುಂದೆಯೇ ಸ್ಕೂಟರಿನ ಹುಡುಗನೊಬ್ಬ ಜಾರಿ ಬಿದ್ದ ದಿನ ಡ್ರೈವರ್ ಬಸ್ ನಿಲ್ಲಿಸಿದರು. ನಲವತ್ತು ಜನ ಇಳಿದರು. ತರಕಾರಿ ಮಾರುವಾಕೆಯೊಬ್ಬಳು ತನ್ನ ಕ್ಯಾನಿನ ನೀರು ಹಾಕಿ ಅವನ ಮುಖ ತೊಳೆದಳು. ಆಟೊದವನು ಬಾಡಿಗೆ ಕೇಳದೆ ಕರೆದುಕೊಂಡು ಹೋದ. ಆಸ್ಪತ್ರೆಯ ಕೌಂಟರಿನಲ್ಲಿ "ಸೇರಿಸಿದವರ ಹೆಸರು, ಸಹಿ" ಎಂದಾಗ ಜೊತೆಗೆ ಬಂದಿದ್ದ ಇಬ್ಬರು ಮೆಲ್ಲಗೆ ಹಿಂದೆ ಸರಿದರು. ನಾನು ಸಹಿ ಹಾಕಿದೆ, ಆಮೇಲೆ ಸಾಕ್ಷಿ ಹೇಳಲು ಮೂರು ಸಲ ರಜೆ ಹಾಕಿ ಕೋರ್ಟಿಗೆ ಹೋದೆ. ಹುಡುಗ ಉಳಿದ. ಆದರೆ ಹಿಂದೆ ಸರಿದ ಆ ಇಬ್ಬರನ್ನು ನಾನು ದೂರಲಾರೆ, ದಿನಗೂಲಿಯವರಿಗೆ ಮೂರು ದಿನ ಎಂದರೆ ಮೂರು ದಿನದ ಊಟ.

ಈಗ ಆ ಭಯ ಬೇಕಿಲ್ಲ. ನೆರವಾದವರಿಗೆ ಕಿರುಕುಳ ಆಗಬಾರದು ಎನ್ನುವ ನಿಯಮಗಳು ಎಲ್ಲರಿಗೂ ಅನ್ವಯ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎನ್ನುವ ಕಲಂ ಸೇರಿತು. ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯ ಮಾಡುವಂತಿಲ್ಲ. 108ಕ್ಕೆ ಫೋನು ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿ ನಿಲ್ಲಿ. ಇದನ್ನು ನಿಮ್ಮ ಬೀದಿಯ ಹತ್ತು ಜನಕ್ಕೆ ಹೇಳಿ, ದಯವಿಟ್ಟು.

ಪ್ರಶ್ನೆ: ನೀವೇ ಈಗ ಬಸ್ಸಿನಲ್ಲಿ ಪಕ್ಕದವರನ್ನು ಮಾತಾಡಿಸುತ್ತೀರಾ, ಇಲ್ಲಾ ಬರೆಯುವುದು ಮಾತ್ರವೇ?
— ಕೋಲಾರದಿಂದ ಒಬ್ಬ ಹುಡುಗ

ಉತ್ತರ: ಮಾತಾಡಿಸುತ್ತೇನಪ್ಪಾ. ಮಾತು ಬೇಡ ಅನ್ನಿಸಿದವರನ್ನು ಬಿಟ್ಟುಬಿಡುತ್ತೇನೆ, ಮುಖ ನೋಡಿದರೆ ಗೊತ್ತಾಗುತ್ತದೆ.

ಹೋದ ಗುರುವಾರ ಮಾರ್ಕೆಟ್ಟಿನಿಂದ ಬರುವಾಗ ನನಗೆ ಸೀಟು ಸಿಕ್ಕಿತ್ತು. ಒಬ್ಬ ಹುಡುಗಿ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಊಟದ ಚೀಲ ಹಿಡಿದು ನನ್ನ ಪಕ್ಕ ನಿಂತಳು. ಕಿವಿಯಲ್ಲಿ ಇಯರ್‌ಫೋನ್. ಬ್ರೇಕ್ ಹಾಕಿದಾಗಲೆಲ್ಲ ತೂಗಾಡುತ್ತಿದ್ದಳು. "ಕೊಡಮ್ಮಾ, ಇಟ್ಕೋತೀನಿ" ಎಂದು ಕೈ ಚಾಚಿದೆ. ನಮ್ಮ ಬಸ್ಸುಗಳಲ್ಲಿ ಇದು ಹಳೇ ರೂಢಿ. ಕೂತವರು ನಿಂತವರ ಚೀಲ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಒಮ್ಮೊಮ್ಮೆ ಮಗುವನ್ನೂ. ಅವಳು ಒಂದು ಕ್ಷಣ ಯೋಚಿಸಿ ಲ್ಯಾಪ್‌ಟಾಪ್ ಚೀಲ ಬೆನ್ನಲ್ಲೇ ಇಟ್ಟುಕೊಂಡು ಊಟದ ಚೀಲ ಮಾತ್ರ ಕೊಟ್ಟಳು. ಡಬ್ಬಿ ಇನ್ನೂ ಬಿಸಿ ಇತ್ತು, ಪಂಚೆಯ ಮೇಲೂ ಕಾವು ತಾಗುತ್ತಿತ್ತು. ನಾಲ್ಕು ಸ್ಟಾಪು ಹಾಗೇ ಹೋದೆವು. ಐದನೆಯದರಲ್ಲಿ ನನ್ನ ಪಕ್ಕದವರು ಇಳಿದರು, ಅವಳು ಕೂತಳು, ಊಟದ ಚೀಲ ತಗೊಂಡಳು, ಇಯರ್‌ಫೋನ್ ಒಂದು ಕಿವಿಯಿಂದ ತೆಗೆದಳು.

"ಅಂಕಲ್, ಬಿಸಿ ಆಯ್ತಾ? ಅಮ್ಮ ಬಿಸಿಬೇಳೆ ಬಾತ್ ಹಾಕಿದ್ರು."